ಗೋವಾಕ್ಕೆ ಮತಪೆಟ್ಟಿಗೆ, ಬೆಳಗಾವಿಗೆ ಆಯೋಗ: ತೌಲನಿಕ ರಾಜಕಾರಣವನ್ನು ಓದುವುದೆಂದರೇನು?

1967ರ ಜನವರಿ 16ರಂದು ಗೋವಾದ ಜನ ಮತಗಟ್ಟೆಗಳ ಮುಂದೆ ಸಾಲುಗಟ್ಟಿ ನಿಂತರು. ಶಾಸಕರನ್ನೋ ಸಂಸದರನ್ನೋ ಆರಿಸುವುದಕ್ಕಲ್ಲ. ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೇ ಎಂದು ತೀರ್ಮಾನಿಸುವುದಕ್ಕೆ. ವಿಲೀನಕ್ಕೆ ಹೂವಿನ ಗುರುತು, ಪ್ರತ್ಯೇಕವಾಗಿ ಉಳಿಯುವುದಕ್ಕೆ ಎರಡು ಎಲೆಗಳ ಗುರುತು. ಎಣಿಕೆ ಮುಗಿದಾಗ ಎಲೆಗಳಿಗೆ 1,72,191 ಮತ, ಹೂವಿಗೆ 1,38,170 ಮತ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ, ಗೋವಾದಿಂದ ಘಟ್ಟ ಹತ್ತಿದರೆ ಸಿಗುವ ಬೆಳಗಾವಿಯ ಬಗ್ಗೆ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಆಯೋಗ ತನ್ನ ವರದಿ ಕೊಟ್ಟಿತು. ಬೆಳಗಾವಿಯ ಜನರನ್ನು ಯಾರೂ ಮತಗಟ್ಟೆಗೆ ಕರೆದಿರಲಿಲ್ಲ.

ದೇಶ ಒಂದೇ, ವರ್ಷ ಒಂದೇ. ಎರಡೂ ಕಡೆ ‘ಇದು ನಮಗೆ ಸೇರಬೇಕು’ ಎನ್ನುತ್ತಿದ್ದದ್ದು ಮಹಾರಾಷ್ಟ್ರವೇ. ಹಾಗಿದ್ದೂ ಒಂದು ಕಡೆ ಜನರನ್ನು ಕೇಳಿದರು, ಇನ್ನೊಂದು ಕಡೆ ನ್ಯಾಯಮೂರ್ತಿಗಳನ್ನು ಕೇಳಿದರು. ಏಕೆ? ಈ ಪ್ರಶ್ನೆ ನಿಮ್ಮನ್ನು ಕೊರೆಯತೊಡಗಿದರೆ ತೌಲನಿಕ ರಾಜಕಾರಣ ಎಂಬ ಓದಿನ ಹೊಸ್ತಿಲಿಗೆ ನೀವು ಆಗಲೇ ಬಂದು ನಿಂತಿದ್ದೀರಿ.

ನನ್ನನ್ನು ಈ ಪ್ರಶ್ನೆ ಚಿಕ್ಕಂದಿನಿಂದ ಬಿಟ್ಟಿಲ್ಲ. ನಾನು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ತಾಯಿಯ ತವರು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ. ಅಜ್ಜಿ ಅಡುಗೆಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಮಾತನಾಡುತ್ತಿದ್ದಳು. ಮಹಾಜನ್ ವರದಿ ಜಾರಿಯಾಗಿದ್ದರೆ ಆ ಊರು ಕರ್ನಾಟಕಕ್ಕೆ ಬರಬೇಕಿತ್ತು. ಜಾರಿಯಾಗಲಿಲ್ಲ. ಈಗ ನಾನು ಮುಂಬಯಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಮಾಟುಂಗಾದಲ್ಲೋ ಮಾಹಿಮಿನಲ್ಲೋ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದಾಗ ತಂದೆತಾಯಿಯರು ಕೈಹಿಡಿದು ಕೂರಿಸಿಕೊಳ್ಳುತ್ತಾರೆ. “ಮೇಡಂ, ಮಗಳು ಎಂ.ಎ.ಗೆ ಜಾಗತಿಕ ರಾಜಕಾರಣ, ತೌಲನಿಕ ರಾಜಕಾರಣ ಎಂದೆಲ್ಲ ಹೇಳುತ್ತಿದ್ದಾಳೆ. ರಾಜಕಾರಣ ದಿನಾ ಟಿ.ವಿ.ಯಲ್ಲೇ ಬರುತ್ತದಲ್ಲ, ಅದಕ್ಕೆ ಎರಡು ವರ್ಷ ಏಕೆ?” ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಚಹಾ ಆರುವುದರೊಳಗೆ ಕೊಡಬಹುದಾದ ಉತ್ತರ ಅದಕ್ಕಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲವನ್ನು ಕಳೆಯೋಣ. ಇಂಗ್ಲೆಂಡಿನಲ್ಲಿ, ಯುರೋಪಿನ ಇತರ ಕಡೆಗಳಲ್ಲಿ ‘ತೌಲನಿಕ ರಾಜಕಾರಣ’, ‘ಜಾಗತಿಕ ರಾಜಕಾರಣ’ ಎಂಬ ಹೆಸರಿನಲ್ಲೇ ಸ್ನಾತಕೋತ್ತರ ಪದವಿಗಳಿವೆ. ನಮ್ಮಲ್ಲಿ ಹೆಚ್ಚಿನ ಕಡೆ ಅವು ರಾಜ್ಯಶಾಸ್ತ್ರದ ಎಂ.ಎ.ಯ ಒಳಗಿನ ಪತ್ರಿಕೆಗಳು. ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದ ವಿಭಾಗವಾಗಲಿ, ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯವಾಗಲಿ, ತಾಳೆಗಾಂವ್ ಪ್ರಸ್ಥಭೂಮಿಯ ಮೇಲಿರುವ ಗೋವಾ ವಿಶ್ವವಿದ್ಯಾಲಯವಾಗಲಿ, ಓದುವ ವಿದ್ಯಾರ್ಥಿಯ ಕೈಗೆ ಬರುವ ಪದವಿಯ ಮೇಲಿನ ಹೆಸರಿಗಿಂತ ಅವಳು ಆಯ್ದುಕೊಳ್ಳುವ ಪತ್ರಿಕೆಗಳು ಮುಖ್ಯ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ತೌಲನಿಕ ರಾಜಕಾರಣ ಮತ್ತು ರಾಜಕೀಯ ಸಿದ್ಧಾಂತಕ್ಕೆಂದೇ ಒಂದು ಕೇಂದ್ರವಿದೆ. ನಮ್ಮ ದೇಶದಲ್ಲಿ ಎಂ.ಎ. ಎಂದರೆ ಎರಡು ವರ್ಷ, ನಾಲ್ಕು ಸೆಮಿಸ್ಟರ್. ನಾಲ್ಕು ವರ್ಷದ ಆನರ್ಸ್ ಪದವಿ ಮುಗಿಸಿದವರಿಗೆ ಒಂದೇ ವರ್ಷದ ಎಂ.ಎ.ಗೂ ಯುಜಿಸಿ 2024ರಲ್ಲಿ ದಾರಿ ಮಾಡಿಕೊಟ್ಟಿದೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಒಂದೇ ವರ್ಷ.

ಇನ್ನು ವಿಷಯ. ನಮ್ಮ ತಂದೆಯವರ ಕಾಲದ ಪಠ್ಯಗಳಲ್ಲಿ ಬ್ರಿಟನ್ನಿನ ಸಂವಿಧಾನ, ಅಮೆರಿಕದ ಸಂವಿಧಾನ, ಸ್ವಿಟ್ಜರ್ಲೆಂಡಿನ ಸಂವಿಧಾನ ಎಂದು ಒಂದರ ಹಿಂದೊಂದು ಅಧ್ಯಾಯ ಬರುತ್ತಿದ್ದವು. ಅಮೆರಿಕದ ಸೆನೆಟ್ಟಿನಲ್ಲಿ 100 ಸದಸ್ಯರು, ಅವಧಿ ಆರು ವರ್ಷ ಎಂದು ಬಾಯಿಪಾಠ ಮಾಡಿ ಬರೆದರೆ ಅಂಕ. ಅದು ಪರದೇಶಗಳ ಪರಿಚಯವೇ ಹೊರತು ತುಲನೆ ಅಲ್ಲ. ಅಕ್ಕಿ, ಬೇಳೆ, ಬೆಲ್ಲವನ್ನು ಸಾಲಾಗಿ ಇಟ್ಟ ಮಾತ್ರಕ್ಕೆ ತೂಗಿದಂತೆ ಆಗುವುದಿಲ್ಲ. ತಕ್ಕಡಿ ಬೇಕು. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲೇ ಅರಿಸ್ಟಾಟಲನ ಶಾಲೆ 158 ರಾಜ್ಯವ್ಯವಸ್ಥೆಗಳ ವಿವರ ಕಲೆಹಾಕಿತ್ತೆಂದು ಹೇಳುತ್ತಾರೆ. ಅವನು ಅಲ್ಲಿಗೆ ನಿಲ್ಲಿಸದೆ, ಯಾವ ವ್ಯವಸ್ಥೆ ಏಕೆ ಉರುಳುತ್ತದೆ ಎಂದು ಕೇಳಿದ. ಆ ‘ಏಕೆ’ ಎಂಬುದೇ ತಕ್ಕಡಿಯ ಮುಳ್ಳು.

ರಸಾಯನಶಾಸ್ತ್ರದವರಿಗೆ ಪ್ರಯೋಗಾಲಯವಿದೆ. ಒಂದೇ ದ್ರಾವಣವನ್ನು ಎರಡು ಬಟ್ಟಲಿಗೆ ಹಾಕಿ, ಒಂದನ್ನು ಮಾತ್ರ ಕಾಯಿಸಿ ನೋಡಬಹುದು. ಭಾರತವನ್ನು ಹಾಗೆ ಎರಡು ಮಾಡಿ, ಒಂದರಲ್ಲಿ ಭಾಷಾವಾರು ರಾಜ್ಯಗಳನ್ನು ರಚಿಸಿ, ಇನ್ನೊಂದರಲ್ಲಿ ರಚಿಸದೆ ಐವತ್ತು ವರ್ಷ ಕಾಯಲು ಸಾಧ್ಯವಿಲ್ಲ. ಹಾಗಾಗಿ ಇತಿಹಾಸವೇ ಆಗಲೇ ಮಾಡಿಟ್ಟ ಜೋಡಿಗಳನ್ನು ಹುಡುಕಬೇಕಾಗುತ್ತದೆ. ಬಹಳಷ್ಟು ವಿಷಯಗಳಲ್ಲಿ ಹೋಲುವ, ಆದರೆ ಫಲಿತಾಂಶದಲ್ಲಿ ಬೇರೆಯಾದ ಎರಡು ಪ್ರಕರಣಗಳನ್ನು ಹಿಡಿದು, ಅವುಗಳ ನಡುವಿನ ವ್ಯತ್ಯಾಸದಲ್ಲಿ ಕಾರಣವನ್ನು ಅರಸುವ ಈ ದಾರಿಯನ್ನು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ತರ್ಕಶಾಸ್ತ್ರದ ಭಾಗವಾಗಿ ವಿವರಿಸಿದ. ಕುತೂಹಲದ ಮಾತೆಂದರೆ, ಸಮಾಜದ ಬಗ್ಗೆ ಈ ದಾರಿ ಸಲೀಸಾಗಿ ನಡೆಯದು ಎಂದು ಎಚ್ಚರಿಸಿದವನೂ ಅವನೇ. ಎಂ.ಎ. ತರಗತಿ ಆ ಎರಡನ್ನೂ ಕಲಿಸಬೇಕು: ದಾರಿಯನ್ನೂ, ದಾರಿಯ ಗುಂಡಿಗಳನ್ನೂ.

1956ನ್ನೇ ತೆಗೆದುಕೊಳ್ಳಿ. ಕನ್ನಡಿಗರಿಗೆ ಅದು ಏಕೀಕರಣದ ವರ್ಷ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆ ನವೆಂಬರ್ 1ರವರೆಗೆ ಮುಂಬಯಿ ಸರ್ಕಾರದ ಆಡಳಿತದಲ್ಲಿದ್ದವು. ನಮ್ಮಲ್ಲಿ ಎಷ್ಟೋ ಮನೆತನಗಳು ಈ ನಗರಕ್ಕೆ ಬಂದದ್ದು ‘ಪರರಾಜ್ಯಕ್ಕೆ’ ಅಲ್ಲ, ತಮ್ಮದೇ ಪ್ರಾಂತ್ಯದ ರಾಜಧಾನಿಗೆ. ಅದೇ 1956ರ ಜೂನ್‌ನಲ್ಲಿ ಸಮುದ್ರದಾಚೆಯ ಸಿಲೋನ್, ಅಂದರೆ ಇಂದಿನ ಶ್ರೀಲಂಕಾ, ಸಿಂಹಳವೊಂದೇ ಆಡಳಿತ ಭಾಷೆ ಎಂಬ ಕಾನೂನು ಮಾಡಿತು. ಎರಡೂ ದೇಶಗಳು ಬ್ರಿಟಿಷರಿಂದ ಸುಮಾರು ಆರು ತಿಂಗಳ ಅಂತರದಲ್ಲಿ ಬಿಡುಗಡೆ ಪಡೆದವು. ಎರಡರಲ್ಲೂ ಸಂಸದೀಯ ವ್ಯವಸ್ಥೆ, ಹೆಚ್ಚು ಮತ ಪಡೆದವನೇ ಗೆಲ್ಲುವ ಚುನಾವಣೆ, ಇಂಗ್ಲಿಷ್ ಕಲಿತ ನಾಯಕವರ್ಗ. ಎಲ್ಲ ವಯಸ್ಕರಿಗೂ ಮತದಾನದ ಹಕ್ಕು ಸಿಲೋನಿಗೆ 1931ರಲ್ಲೇ, ನಮಗಿಂತ ಎಷ್ಟೋ ಮೊದಲು ಸಿಕ್ಕಿತ್ತು. ಪ್ರಜಾಪ್ರಭುತ್ವಕ್ಕೆ ಹೆಚ್ಚು ಸಿದ್ಧವಾಗಿದ್ದದ್ದು ಆ ದ್ವೀಪವೇ ಎಂದು ಅಂದು ಯಾರಾದರೂ ಹೇಳಿದ್ದರೆ ತಪ್ಪಾಗುತ್ತಿರಲಿಲ್ಲ. ಆದರೆ 1983ರಿಂದ 2009ರವರೆಗೆ ಯುದ್ಧದಲ್ಲಿ ಬೆಂದದ್ದೂ ಅದೇ ದ್ವೀಪ.

ವ್ಯತ್ಯಾಸ ಎಲ್ಲಿತ್ತು? ತರಗತಿಯಲ್ಲಿ ಮೊದಲು ಏಳುವ ಕೈ “ಭಾರತ ಒಕ್ಕೂಟ, ಲಂಕೆ ಒಕ್ಕೂಟವಲ್ಲ” ಎನ್ನುತ್ತದೆ. ಸರಿ. ಆದರೆ ಒಕ್ಕೂಟ ವ್ಯವಸ್ಥೆ ಕಾರಣವೋ, ಅಥವಾ ಅದೂ ಇನ್ನೊಂದು ಕಾರಣದ ಫಲವೋ? ಲಂಕೆಯಲ್ಲೂ 1957ರಲ್ಲಿ ಪ್ರಧಾನಿ ಬಂಡಾರನಾಯಕೆ ತಮಿಳು ನಾಯಕ ಚೆಲ್ವನಾಯಗಂ ಜೊತೆ ಪ್ರಾದೇಶಿಕ ಮಂಡಳಿಗಳ ಒಪ್ಪಂದ ಮಾಡಿಕೊಂಡಿದ್ದರು. ಮರುವರ್ಷವೇ ಒತ್ತಡಕ್ಕೆ ಮಣಿದು ಅದನ್ನು ಹರಿದು ಹಾಕಿದರು. ಒತ್ತಡ ಬಂದದ್ದು ಎಲ್ಲಿಂದ? ಅಲ್ಲಿ ಹತ್ತರಲ್ಲಿ ಏಳು ಜನ ಸಿಂಹಳೀಯರು, ಅವರ ಮತಕ್ಕಾಗಿ ಸೆಣಸುವ ಎರಡು ದೊಡ್ಡ ಪಕ್ಷಗಳು. ಒಂದು ಪಕ್ಷ ತಮಿಳರಿಗೆ ಒಂದಡಿ ಬಿಟ್ಟುಕೊಟ್ಟರೆ ಇನ್ನೊಂದು ‘ದ್ರೋಹ’ ಎಂದು ಕೂಗಿ ಮತ ಬಾಚಿಕೊಳ್ಳುತ್ತಿತ್ತು. ಹರಾಜಿನಲ್ಲಿ ಕೂಗಿನ ಮೇಲೆ ಕೂಗು ಏರುವ ಹಾಗೆ. ಭಾರತದಲ್ಲಿ ಹಿಂದಿ ಮಾತನಾಡುವವರು ಎಲ್ಲರಿಗಿಂತ ಹೆಚ್ಚಿದ್ದರೂ ಅರ್ಧಕ್ಕಿಂತ ಕಡಿಮೆ. ಒಂದೇ ಭಾಷೆಯ ಮತ ನಂಬಿ ದೆಹಲಿಯನ್ನು ಹಿಡಿಯುವುದು ಕಷ್ಟ. ಹಾಗಾಗಿ ನೆಹರೂ ಒಲ್ಲದ ಮನಸ್ಸಿನಿಂದಲಾದರೂ, ಆಂಧ್ರ ರಾಜ್ಯಕ್ಕಾಗಿ ಪೊಟ್ಟಿ ಶ್ರೀರಾಮುಲು ಉಪವಾಸದಿಂದ ಪ್ರಾಣಬಿಟ್ಟ ಮೇಲಾದರೂ, ಭಾಷಾವಾರು ರಾಜ್ಯಗಳಿಗೆ ಒಪ್ಪಬೇಕಾಯಿತು. ಈ ಉತ್ತರ ಮೊದಲನೆಯದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಇಳಿದಿದೆ. ಅದು ಸಂವಿಧಾನದ ಅಕ್ಷರವನ್ನು ಬಿಟ್ಟು, ಜನಸಂಖ್ಯೆಯ ಹಂಚಿಕೆ ಮತ್ತು ಪಕ್ಷಗಳ ಪೈಪೋಟಿಯನ್ನು ನೋಡುತ್ತಿದೆ.

ಇಲ್ಲಿಗೆ ತೃಪ್ತಿಪಟ್ಟರೆ ಅರ್ಧ ವಿದ್ಯೆ. ಪಾಕಿಸ್ತಾನವನ್ನು ತಕ್ಕಡಿಗೆ ಹಾಕಿ ನೋಡಿ. ಇಂದಿನ ಬಾಂಗ್ಲಾದೇಶವೂ ಸೇರಿದ್ದ ಅಂದಿನ ಪಾಕಿಸ್ತಾನದಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮಾತು ಬಂಗಾಳಿ. 1948ರಲ್ಲಿ ಜಿನ್ನಾ ಢಾಕಾಕ್ಕೆ ಹೋಗಿ ರಾಜ್ಯಭಾಷೆ ಉರ್ದು ಮಾತ್ರ ಎಂದು ಸಾರಿದರು. 1952ರ ಫೆಬ್ರವರಿ 21ರಂದು ಭಾಷೆಗಾಗಿ ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. 1956ರ ಸಂವಿಧಾನದಲ್ಲಿ ಬಂಗಾಳಿಗೂ ಸ್ಥಾನ ಕೊಟ್ಟರು, ಆದರೂ 1971ರಲ್ಲಿ ದೇಶ ಒಡೆಯಿತು. ಅಂದರೆ ದೊಡ್ಡ ಗುಂಪು ಚಿಕ್ಕ ಗುಂಪನ್ನು ತುಳಿಯಿತು ಎಂಬ ಲಂಕೆಯ ವಿವರಣೆ ಇಲ್ಲಿ ಕೂಡುವುದಿಲ್ಲ; ತುಳಿತಕ್ಕೆ ಒಳಗಾದದ್ದೇ ದೊಡ್ಡ ಗುಂಪು. ಸೈನ್ಯ, ಅಧಿಕಾರಿವರ್ಗ, ಚುನಾವಣೆ ನಡೆಯದೆ ಉರುಳಿದ ವರ್ಷಗಳು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಇನ್ನು ಭಾರತದೊಳಗೇ ಪಂಜಾಬ್: 1966ರಲ್ಲಿ ಭಾಷಾವಾರು ರಾಜ್ಯ ಸಿಕ್ಕಿತು, ಎಂಬತ್ತರ ದಶಕದಲ್ಲಿ ರಕ್ತ ಹರಿಯಿತು. ‘ಭಾಷೆಗೊಂದು ರಾಜ್ಯ ಕೊಟ್ಟರೆ ಶಾಂತಿ’ ಎಂಬ ಸೂತ್ರವನ್ನು ನಾವು ಕನ್ನಡಿಗರು ಹೆಮ್ಮೆಯಿಂದ ಹೇಳುತ್ತೇವೆ. ನನಗೂ ಅದು ಪ್ರಿಯವಾದ ಸೂತ್ರ. ಆದರೆ ಪ್ರಿಯವಾದ ಸೂತ್ರವನ್ನೇ ಮೊದಲು ಪರೀಕ್ಷೆಗೆ ಒಡ್ಡಬೇಕು.

ಈ ಓದಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವ ಪಾಠ ಇನ್ನೊಂದಿದೆ. ಅದನ್ನು ಉಡುಪಿ ಹೋಟೆಲಿನ ಮೂಲಕ ಹೇಳುತ್ತೇನೆ. ಮುಂಬಯಿಯಲ್ಲಿ ಹೋಟೆಲ್ ಕಟ್ಟಿ ಗೆದ್ದವರನ್ನು ಸಂಘಗಳ ವೇದಿಕೆಗೆ ಕರೆದು ಸನ್ಮಾನಿಸುತ್ತೇವೆ. ಹದಿಮೂರನೆಯ ವಯಸ್ಸಿಗೆ ಬಂದೆ, ಹಗಲು ಲೋಟ ತೊಳೆದೆ, ರಾತ್ರಿ ಶಾಲೆಗೆ ಹೋದೆ, ಕಷ್ಟಪಟ್ಟೆ, ಮೇಲೆ ಬಂದೆ ಎಂದು ಅವರು ಹೇಳುತ್ತಾರೆ. ಪ್ರತಿ ಮಾತೂ ನಿಜ. ಆದರೆ ಅಷ್ಟೇ ಕಷ್ಟಪಟ್ಟು, ಅಷ್ಟೇ ಲೋಟ ತೊಳೆದು, ಸಾಲ ತೀರಿಸಲಾಗದೆ ಅಂಗಡಿಯ ಬಾಗಿಲು ಎಳೆದು ಊರಿಗೆ ಮರಳಿದವರು ಆ ವೇದಿಕೆಯ ಮೇಲೆ ಇಲ್ಲ. ಗೆದ್ದವರನ್ನು ಮಾತ್ರ ನೋಡಿದರೆ ಗೆಲುವಿನ ಕಾರಣ ಸಿಗುವುದಿಲ್ಲ. ಸೋತವರಲ್ಲೂ ಅದೇ ಗುಣ ಇದ್ದಿರಬಹುದು. ರಾಜಕಾರಣದ ಅಧ್ಯಯನದಲ್ಲೂ ಇದೇ ತಪ್ಪು ಪದೇಪದೇ ಆಗುತ್ತದೆ. ಗಲಭೆಯಾದ ಊರುಗಳಿಗೆ ಮಾತ್ರ ಹೋಗಿ ಗಲಭೆಯ ಕಾರಣ ಹುಡುಕುತ್ತೇವೆ. ರಾಜ್ಯಶಾಸ್ತ್ರಜ್ಞ ಅಶುತೋಷ್ ವರ್ಷ್ಣೇಯ ಹಾಗೆ ಮಾಡಲಿಲ್ಲ. ಹಿಂದೂ–ಮುಸ್ಲಿಂ ಜನಸಂಖ್ಯೆಯ ಪ್ರಮಾಣದಲ್ಲಿ ಹೋಲುವ ನಗರಗಳನ್ನು ಜೋಡಿ ಮಾಡಿದರು: ಅಲೀಗಢದ ಜೊತೆ ಕಲ್ಲಿಕೋಟೆ, ಹೈದರಾಬಾದಿನ ಜೊತೆ ಲಖನೌ, ಅಹಮದಾಬಾದಿನ ಜೊತೆ ಸೂರತ್. ಪ್ರತಿ ಜೋಡಿಯಲ್ಲೂ ಒಂದು ಗಲಭೆಗೆ ಹೆಸರಾದದ್ದು, ಇನ್ನೊಂದು ಹೆಚ್ಚು ಶಾಂತವಾಗಿದ್ದದ್ದು. ಶಾಂತ ನಗರಗಳಲ್ಲಿ ವ್ಯಾಪಾರಿ ಸಂಘ, ಕಾರ್ಮಿಕ ಸಂಘ, ಪಕ್ಷಗಳ ಒಳಗೆ ಎರಡೂ ಸಮುದಾಯದವರು ಒಟ್ಟಿಗೆ ಕೆಲಸ ಮಾಡುತ್ತಿದ್ದರು ಎಂಬುದು ಅವರು ಕಂಡ ವ್ಯತ್ಯಾಸ. ಅದನ್ನು ಒಪ್ಪದವರೂ ಇದ್ದಾರೆ, ಸರ್ಕಾರ ಪೊಲೀಸರನ್ನು ಕಳುಹಿಸುತ್ತದೋ ಇಲ್ಲವೋ ಎಂಬುದೇ ಮುಖ್ಯ ಎನ್ನುವವರು. ಆ ಜಗಳವನ್ನು ಓದುವುದೇ ಒಂದು ಶಿಕ್ಷಣ.

ನಮ್ಮ ಮಕ್ಕಳಿಗೆ, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ, ಒಂದು ಅನುಕೂಲವಿದೆ. ಅದನ್ನು ಅವರು ಕೊರತೆ ಎಂದು ತಿಳಿದುಕೊಂಡಿರುತ್ತಾರೆ. ಇಟಲಿಯ ರಾಜ್ಯಶಾಸ್ತ್ರಜ್ಞ ಜೊವಾನ್ನಿ ಸಾರ್ತೋರಿ 1970ರಲ್ಲಿ ಒಂದು ಎಚ್ಚರಿಕೆ ಕೊಟ್ಟ: ಒಂದು ಪರಿಕಲ್ಪನೆಯನ್ನು ಹುಟ್ಟಿದ ಊರಿನಿಂದ ಬೇರೆ ಊರಿಗೆ ಒಯ್ಯುವಾಗ ಎಳೆದು ಎಳೆದು ಹಿಗ್ಗಿಸಿದರೆ, ಕೊನೆಗೆ ಅದು ಎಲ್ಲದಕ್ಕೂ ಅನ್ವಯಿಸುತ್ತದೆ, ಏನನ್ನೂ ಹೇಳುವುದಿಲ್ಲ. ಇದನ್ನು ಒಂದೇ ಭಾಷೆ ಬಲ್ಲವನಿಗೆ ವಿವರಿಸುವುದು ಕಷ್ಟ. ನಮಗೆ ಸುಲಭ. ‘ಸೆಕ್ಯುಲರ್’ ಎಂಬುದಕ್ಕೆ ಮರಾಠಿಯವರು ‘ಧರ್ಮನಿರಪೇಕ್ಷ’ ಎನ್ನುತ್ತಾರೆ, ನಾವು ‘ಜಾತ್ಯತೀತ’ ಎನ್ನುತ್ತೇವೆ. ಒಂದು ಧರ್ಮದ ಮಾತು, ಇನ್ನೊಂದು ಜಾತಿಯ ಮಾತು! ಫ್ರಾನ್ಸಿನಲ್ಲಿ 1905ರ ಕಾನೂನು ಚರ್ಚನ್ನು ಸರ್ಕಾರದಿಂದ ಬೇರ್ಪಡಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಪಾದ್ರಿಗಳ ಹಿಡಿತ. ಕನ್ನಡಿಗ ಆ ಪದಕ್ಕೆ ಸಾಟಿ ಹುಡುಕುವಾಗ ಅವನ ಕಣ್ಣೆದುರು ಇದ್ದದ್ದು ಜಾತಿ. ಎರಡನ್ನೂ ಒಂದೇ ಅಂಕಣದಲ್ಲಿ ತುಂಬಿ ‘ಈ ದೇಶ ಎಷ್ಟು ಸೆಕ್ಯುಲರ್’ ಎಂದು ಅಂಕ ಕೊಡುವ ಮೊದಲು ಯೋಚಿಸಬೇಕು. ‘ರಾಜ್ಯ’ ಎಂಬ ಪದದ್ದೂ ಇದೇ ಕಥೆ. ರಾಜ್ಯಶಾಸ್ತ್ರದ ‘ರಾಜ್ಯ’ ಎಂದರೆ ಸೈನ್ಯ, ತೆರಿಗೆ, ಕಾನೂನುಗಳನ್ನುಳ್ಳ ಇಡೀ ಪ್ರಭುತ್ವ. ದಿನಪತ್ರಿಕೆಯ ‘ರಾಜ್ಯ’ ಎಂದರೆ ಕರ್ನಾಟಕ, ಮಹಾರಾಷ್ಟ್ರ. ಮೊದಲ ಸೆಮಿಸ್ಟರಿನಲ್ಲಿ ಎಷ್ಟೋ ಉತ್ತರಪತ್ರಿಕೆಗಳು ಇಲ್ಲೇ ಎಡವುತ್ತವೆ. ನಾನು ವಿದ್ಯಾರ್ಥಿಗಳಿಗೆ ಒಂದು ನೋಟ್‌ಬುಕ್ ಇಡಲು ಹೇಳುತ್ತೇನೆ: ಎಡಪುಟದಲ್ಲಿ ಇಂಗ್ಲಿಷ್ ಪರಿಕಲ್ಪನೆ, ಬಲಪುಟದಲ್ಲಿ ಅದನ್ನು ಊರಿನ ಅತ್ತೆಗೆ ಕನ್ನಡದಲ್ಲಿ ಹೇಗೆ ಹೇಳುವಿರಿ ಎಂಬುದು. ಬಲಪುಟ ಖಾಲಿ ಉಳಿದರೆ ಎಡಪುಟ ಅರ್ಥವಾಗಿಲ್ಲ.

ಗೋವಾ ಮತ್ತು ಬೆಳಗಾವಿಗೆ ಹಿಂದಿರುಗುತ್ತೇನೆ. ಜನರನ್ನು ಕೇಳಿದರೆ ಸಾಕು ಎನ್ನುವವರು ‘ಯಾವ ಜನರನ್ನು, ಎಷ್ಟು ದೊಡ್ಡ ಗುಂಪಾಗಿ’ ಎಂದು ಹೇಳಲೇಬೇಕಾಗುತ್ತದೆ. ಸ್ವಿಟ್ಜರ್ಲೆಂಡಿನ ಜೂರಾ ಪ್ರದೇಶದಲ್ಲಿ ಫ್ರೆಂಚ್ ಮಾತನಾಡುವವರು ಜರ್ಮನ್ ಬಹುಸಂಖ್ಯಾತ ಬರ್ನ್ ಪ್ರಾಂತ್ಯದಿಂದ ಬೇರೆಯಾಗಲು ಹೋರಾಡಿದರು. ಅಲ್ಲಿ 1974ರಲ್ಲಿ ಮೊದಲು ಇಡೀ ಪ್ರದೇಶವನ್ನು ಕೇಳಿದರು, ಆಮೇಲೆ ಜಿಲ್ಲೆಗಳನ್ನು, ಆಮೇಲೆ ಗಡಿಯ ಊರುಗಳನ್ನು ಒಂದೊಂದಾಗಿ ಕೇಳಿದರು. 1979ರಲ್ಲಿ ಜೂರಾ ಪ್ರತ್ಯೇಕ ಪ್ರಾಂತ್ಯವಾಯಿತು. ಬರ್ನಿನಲ್ಲೇ ಉಳಿದಿದ್ದ ಮೂಟಿಯೆ ಎಂಬ ಪುಟ್ಟ ಪಟ್ಟಣ 2017ರಲ್ಲಿ ಮತ್ತೆ ಮತ ಹಾಕಿತು. ಅಕ್ರಮದ ಆರೋಪದಿಂದ ಅದು ರದ್ದಾಯಿತು. 2021ರಲ್ಲಿ ಮತ್ತೊಮ್ಮೆ ಮತ ಹಾಕಿ, 2026ರ ಜನವರಿ 1ರಂದು ಜೂರಾಕ್ಕೆ ಸೇರುವ ತೀರ್ಮಾನ ಪಡೆಯಿತು. ಅರ್ಧ ಶತಮಾನದ ಗಡಿ ವಿವಾದ, ಮತಪೆಟ್ಟಿಗೆಯಿಂದ ಮತಪೆಟ್ಟಿಗೆಗೆ. ಗೋವಾದಲ್ಲಿ ಹಾಗೆ ಮಾಡಲಿಲ್ಲ. ಇಡೀ ಗೋವಾದ ಮತವನ್ನು ಒಟ್ಟಿಗೆ ಎಣಿಸಿದರು. ಪೆಡ್ಣೆ, ಬಿಚೋಲಿಯಂಥ ಉತ್ತರದ ತಾಲೂಕುಗಳು ವಿಲೀನದ ಕಡೆ ವಾಲಿದ್ದವು, ದಕ್ಷಿಣದ ಸಾಲ್ಸೆತ್ ಬಲವಾಗಿ ವಿರೋಧಿಸಿತ್ತು. ಸ್ವಿಸ್ ರೀತಿಯಲ್ಲಿ ತಾಲೂಕುವಾರು ಎಣಿಸಿದ್ದರೆ ಗೋವಾದ ನಕ್ಷೆಯೇ ಬೇರೆಯಾಗಬಹುದಿತ್ತು. ಬೆಳಗಾವಿಯ ಜಗಳದ ತಿರುಳೂ ಅದೇ. ಆಂಧ್ರ–ಮದ್ರಾಸ್ ಗಡಿಯನ್ನು ಸರಿಪಡಿಸಿದ ಪಾಟಸ್ಕರ್ ಸೂತ್ರದಂತೆ ಹಳ್ಳಿಯನ್ನೇ ಘಟಕವಾಗಿ ಹಿಡಿಯಿರಿ ಎಂದು ಮಹಾರಾಷ್ಟ್ರ ವಾದಿಸುತ್ತಾ ಬಂದಿದೆ. ಮಹಾಜನ್ ವರದಿಯೇ ಅಂತಿಮ ಎಂಬುದು ಕರ್ನಾಟಕದ ನಿಲುವು. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೂ ಹೋಯಿತು. ಸೇರಿನಿಂದ ಅಳೆದರೆ ಒಂದು, ಪಾವಿನಿಂದ ಅಳೆದರೆ ಇನ್ನೊಂದು. ಅಳತೆಯ ಪಾತ್ರೆಯನ್ನು ಆರಿಸುವವನ ಕೈಯಲ್ಲೇ ಅರ್ಧ ತೀರ್ಪು ಇರುತ್ತದೆ.

ಗೋವಾದ ಒಗಟು ಇನ್ನೊಂದಿದೆ. ಜನವರಿಯಲ್ಲಿ ವಿಲೀನವನ್ನು ತಿರಸ್ಕರಿಸಿದ ಅದೇ ಮತದಾರರು ಎರಡೇ ತಿಂಗಳ ನಂತರ, ವಿಲೀನಕ್ಕಾಗಿಯೇ ಹೋರಾಡಿದ್ದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷವನ್ನು ಮತ್ತೆ ಅಧಿಕಾರಕ್ಕೆ ತಂದರು. ಪಕ್ಷಕ್ಕೆ ಹಾಕುವ ಮತ ಬೇರೆ, ಪ್ರಶ್ನೆಗೆ ಹಾಕುವ ಮತ ಬೇರೆ ಎಂಬುದನ್ನು ಕಲಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಇಷ್ಟು ಹೊತ್ತು ‘ತೌಲನಿಕ’ ಎಂಬ ಪದವನ್ನು ಬಿಡಿಸಿದೆ. ಹೆಸರಿನ ಇನ್ನೊಂದು ಪದ ‘ಜಾಗತಿಕ’ ಈ ಇಡೀ ಕಟ್ಟಡವನ್ನು ಅಲುಗಾಡಿಸುತ್ತದೆ. ಎರಡು ಬಟ್ಟಲುಗಳನ್ನು ಹೋಲಿಸಬೇಕಾದರೆ ಒಂದರ ನೀರು ಇನ್ನೊಂದಕ್ಕೆ ಸೋರಬಾರದು. ದೇಶಗಳು ಹಾಗಿವೆಯೇ? ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1889ರಲ್ಲೇ ಈ ಆಕ್ಷೇಪ ಎತ್ತಿದ: ಎರಡು ಸಮಾಜಗಳಲ್ಲಿ ಒಂದೇ ಪದ್ಧತಿ ಕಂಡರೆ, ಎರಡರಲ್ಲೂ ಒಂದೇ ಕಾರಣ ಕೆಲಸ ಮಾಡಿತೋ, ಅಥವಾ ಒಂದು ಇನ್ನೊಂದರಿಂದ ಕಲಿತುಕೊಂಡಿತೋ?

ಧಾರವಾಡದ ಹತ್ತಿಯ ಕಥೆ ಇದಕ್ಕೆ ಕನ್ನಡಿ. ಬಯಲುಸೀಮೆಯ ಹತ್ತಿ ಎತ್ತಿನ ಮೇಲೆ ಘಟ್ಟ ಇಳಿದು ಕುಮಟೆಗೆ ಬರುತ್ತಿತ್ತು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ, ಮುಂಬಯಿಯಿಂದ ಲಿವರ್‌ಪೂಲಿಗೆ. ಇಂಗ್ಲೆಂಡಿನ ವ್ಯಾಪಾರಿಗಳು ಆ ಹತ್ತಿಯನ್ನು ಕುಮಟೆಯ ಹೆಸರಿನಿಂದಲೇ ಗುರುತಿಸುತ್ತಿದ್ದರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿತು, ಲಿಂಕನ್ ಸರ್ಕಾರ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು, ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತಿತು. ಮುಂಬಯಿಯಲ್ಲಿ ಹತ್ತಿಯ ಬೆಲೆ ಆಕಾಶಕ್ಕೇರಿತು. ಸಮುದ್ರವನ್ನು ತುಂಬಿಸಿ ನೆಲ ಮಾಡುವ ಕಂಪನಿಗಳ ಷೇರುಗಳಿಗೆ ಜನ ಮುಗಿಬಿದ್ದರು. 1865ರಲ್ಲಿ ಯುದ್ಧ ಮುಗಿಯಿತು, ಮುಂಬಯಿ ಪೇಟೆ ಕುಸಿಯಿತು. ಆ ನಾಲ್ಕು ವರ್ಷಗಳ ಧಾರವಾಡವನ್ನು ಧಾರವಾಡದೊಳಗಿನ ಕಾರಣಗಳಿಂದ ಮಾತ್ರ ವಿವರಿಸಲು ಹೊರಟವನು ಏನನ್ನು ಬರೆದಾನು? ಹುಬ್ಬಳ್ಳಿಯ ಹೊಲದ ಮೇಲೆ ಮಿಸಿಸಿಪಿಯ ಯುದ್ಧದ ನೆರಳಿತ್ತು. ಜಾಗತಿಕ ರಾಜಕಾರಣದ ಪತ್ರಿಕೆಗಳು ಈ ನೆರಳುಗಳನ್ನು ಓದಲು ಕಲಿಸುತ್ತವೆ: ವಿಶ್ವಸಂಸ್ಥೆ, ವಿಶ್ವ ವ್ಯಾಪಾರ ಸಂಸ್ಥೆ, ಹವಾಮಾನ ಒಪ್ಪಂದಗಳು, ಬಂಡವಾಳದ ಚಲನೆ, ವಲಸೆ. ಅಂತಾರಾಷ್ಟ್ರೀಯ ಸಂಬಂಧಗಳು ಎಂಬ ಹಳೆಯ ಹೆಸರು ಸರ್ಕಾರ–ಸರ್ಕಾರಗಳ ನಡುವಿನ ವ್ಯವಹಾರವನ್ನು ಮುಂದಿಡುತ್ತಿತ್ತು. ಜಾಗತಿಕ ಎಂಬ ಹೆಸರು ಗಿರಣಿ ಮಾಲೀಕರನ್ನೂ, ಹತ್ತಿ ಬೆಳೆಯುವವರನ್ನೂ, ಸಾಲ ಕೊಡುವವರನ್ನೂ ಒಳಗೆ ಕರೆಯುತ್ತದೆ.

ಈಗ ಗೋವಾವನ್ನು ಈ ಕಣ್ಣಿನಿಂದ ನೋಡಿ. ಬೆಳಗಾವಿ ಎರಡು ಭಾರತೀಯ ರಾಜ್ಯಗಳ ನಡುವಿನ ವಿಷಯ. ಗೋವಾ ಹಾಗಲ್ಲ. ದಾದ್ರಾ–ನಗರಹವೇಲಿಗೆ ಹೋಗುವ ದಾರಿಯ ಹಕ್ಕಿಗಾಗಿ ಪೋರ್ಚುಗಲ್ 1955ರಲ್ಲಿ ಭಾರತವನ್ನು ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆದಿತ್ತು. 1961ರ ಡಿಸೆಂಬರ್‌ನಲ್ಲಿ ಭಾರತದ ಸೈನ್ಯ ಗೋವಾ ಪ್ರವೇಶಿಸಿದಾಗ ಭದ್ರತಾ ಮಂಡಳಿಯಲ್ಲಿ ಬಂದ ಕದನವಿರಾಮದ ನಿರ್ಣಯವನ್ನು ಸೋವಿಯತ್ ಒಕ್ಕೂಟ ವಿಟೊ ಹಾಕಿ ತಡೆಯಿತು. ಪೋರ್ಚುಗಲ್ ಗೋವಾವನ್ನು ಬಿಟ್ಟುಕೊಡಲು ಒಪ್ಪಿದ್ದು 1974ರ ಕೊನೆಯಲ್ಲಿ, ಅದೂ ಅಲ್ಲಿಯ ಸರ್ವಾಧಿಕಾರ ಉರುಳಿದ ಮೇಲೆ. ಆ ಏಪ್ರಿಲ್‌ನಲ್ಲಿ ಲಿಸ್ಬನ್ನಿನಲ್ಲಿ ದಂಗೆ ಎದ್ದ ಸೇನಾಧಿಕಾರಿಗಳನ್ನು ಬಳಲಿಸಿದ್ದು ಆಫ್ರಿಕದ ವಸಾಹತು ಯುದ್ಧಗಳು. ಒಂದರ ಹಿಂದೊಂದು ದೇಶ ಪ್ರಜಾಪ್ರಭುತ್ವಕ್ಕೆ ತಿರುಗಿದ ‘ಮೂರನೆಯ ಅಲೆ’ ಅಲ್ಲಿಂದಲೇ ಶುರುವಾಯಿತೆಂದು ಅಮೆರಿಕದ ರಾಜ್ಯಶಾಸ್ತ್ರಜ್ಞ ಸ್ಯಾಮ್ಯುಯೆಲ್ ಹಂಟಿಂಗ್ಟನ್ ಎಣಿಸಿದರು. ಜಗತ್ತು ನೋಡುತ್ತಿದ್ದ ಊರಾದ್ದರಿಂದಲೇ ಗೋವಾದಲ್ಲಿ ಮತಪೆಟ್ಟಿಗೆ ಇಡುವುದು ದೆಹಲಿಗೆ ಅಗತ್ಯ ಎನಿಸಿತೇ? ಗೋವಾದ ಪ್ರತ್ಯೇಕ ವ್ಯಕ್ತಿತ್ವವನ್ನು ಗೌರವಿಸುವ ಮಾತನ್ನು ನೆಹರೂ ಕೊಟ್ಟಿದ್ದರು, ಆ ಮಾತಿನ ಭಾರವೇ? ಗೋವಾ ಕೇಂದ್ರಾಡಳಿತ ಪ್ರದೇಶವಾದ್ದರಿಂದ ಜನಮತಕ್ಕೆ ಸಂಸತ್ತು 1966ರಲ್ಲಿ ಒಂದು ಕಾಯ್ದೆ ಮಾಡಿದರೆ ಸಾಕಾಯಿತು, ಬೆಳಗಾವಿಯಲ್ಲಿ ಎರಡು ಬಲಿಷ್ಠ ರಾಜ್ಯಗಳು ಎದುರುಬದುರಾಗಿದ್ದವು ಎಂಬ ಸರಳ ಕಾರಣವೇ? ಇವು ಮೂರೂ ಊಹೆಗಳು. ನನ್ನ ಒಲವು ಮೂರನೆಯದರ ಕಡೆಗಿದೆ, ಆದರೆ ಒಲವು ಪುರಾವೆಯಲ್ಲ. ಸಂಸತ್ತಿನ ಚರ್ಚೆಗಳನ್ನು ಓದಬೇಕು, ಕಡತಗಳನ್ನು ನೋಡಬೇಕು, ಪ್ರತಿ ಊಹೆಯೂ ನಿಜವಾಗಿದ್ದರೆ ಇನ್ನೆಲ್ಲಿ ಏನು ಕಾಣಬೇಕಿತ್ತು ಎಂದು ಬರೆದುಕೊಂಡು ಹುಡುಕಬೇಕು. ಕೊನೆಯ ಸೆಮಿಸ್ಟರಿನ ಸಂಶೋಧನಾ ಪ್ರಬಂಧ ಎಂದರೆ ಇದೇ.

ಪ್ರಾಯೋಗಿಕ ಮಾತು ಸ್ವಲ್ಪ. ಓದಲು ಬಹಳ ಇರುತ್ತದೆ, ಬಹುಪಾಲು ಇಂಗ್ಲಿಷಿನಲ್ಲಿ. ಮೊದಲ ಮೂರು ತಿಂಗಳು ತಲೆ ಸುತ್ತುತ್ತದೆ, ಆಮೇಲೆ ಸುಧಾರಿಸುತ್ತದೆ. ಸಂಖ್ಯಾಶಾಸ್ತ್ರಕ್ಕೆ ಹೆದರಿ ಆ ಪತ್ರಿಕೆಯನ್ನು ಬಿಡಬೇಡಿ. ದೆಹಲಿಯ ಸಿಎಸ್‌ಡಿಎಸ್ ಸಂಸ್ಥೆಯ ಲೋಕನೀತಿ ಚುನಾವಣಾ ಸಮೀಕ್ಷೆಗಳಾಗಲಿ, ಸ್ವೀಡನ್ನಿನ ಗೋಥೆನ್‌ಬರ್ಗಿನಿಂದ ಬರುವ, ದೇಶಗಳ ಪ್ರಜಾಪ್ರಭುತ್ವವನ್ನು ಅಳೆಯುವ ವಿ-ಡೆಮ್ ಅಂಕಿ ಅಂಶಗಳಾಗಲಿ, ಅವುಗಳನ್ನು ನಂಬುವುದಕ್ಕೂ ಪ್ರಶ್ನಿಸುವುದಕ್ಕೂ ಲೆಕ್ಕ ಬೇಕು. ಕೆಲಸ? ಕಾಲೇಜಿನಲ್ಲಿ ಕಲಿಸಬೇಕಾದರೆ ನೆಟ್ ಅಥವಾ ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು. ಪತ್ರಿಕೋದ್ಯಮ, ಸಮೀಕ್ಷಾ ಸಂಸ್ಥೆಗಳು, ನೀತಿ ಸಂಶೋಧನೆ, ನಾಗರಿಕ ಸೇವಾ ಪರೀಕ್ಷೆ, ಈ ನಗರದಲ್ಲಾದರೆ ಬ್ಯಾಂಕುಗಳ ಅಪಾಯ ವಿಶ್ಲೇಷಣೆಯ ವಿಭಾಗಗಳೂ ಇವೆ. ಸುಲಭದ ದಾರಿ ಯಾವುದೂ ಇಲ್ಲ. ವಿದೇಶಕ್ಕೆ ಸಾಲ ಮಾಡಿ ಕಳುಹಿಸುವ ಮೊದಲು ವಿದ್ಯಾರ್ಥಿವೇತನ ಸಿಗುತ್ತದೆಯೇ ನೋಡಿ. ಒಂದು ವರ್ಷದ ಪದವಿಯಲ್ಲಿ ಸೆಪ್ಟೆಂಬರಿನಲ್ಲಿ ಹೋದವರು ಚಳಿಗಾಲ ಕಳೆಯುವುದರೊಳಗೆ ಪ್ರಬಂಧದ ವಿಷಯ ಆರಿಸಬೇಕಾಗುತ್ತದೆ. ಕೈಯಲ್ಲಿ ಪ್ರಶ್ನೆ ಇಲ್ಲದೆ ಹೋದರೆ ಆ ವರ್ಷ ನೀರಿನಂತೆ ಹರಿದುಹೋಗುತ್ತದೆ.

ಪ್ರಶ್ನೆಗಾಗಿ ದೂರ ಹೋಗಬೇಕಿಲ್ಲ. ಮುಂಬಯಿ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅವುಗಳಲ್ಲಿ ಒಂದು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ಒದಗಿಸಲು ಹೇಳುವ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ ಅದೇ 1956ರಲ್ಲಿ. ಗಡಿ ಎಳೆದವರಿಗೆ, ಗಡಿಯ ತಪ್ಪು ಬದಿಯಲ್ಲಿ ಉಳಿಯುವವರ ನೆನಪಿತ್ತು. ಮುಂಬಯಿಯ ಕನ್ನಡ ಶಾಲೆಗಳನ್ನೂ ಬೆಂಗಳೂರಿನ ಮರಾಠಿ, ತಮಿಳು ಶಾಲೆಗಳನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಯಾರಾದರೂ ಮಾಡಬೇಕೆಂದು ನಾನು ಕಾಯುತ್ತಿದ್ದೇನೆ.

ಈ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ಬೇರೆ ಪ್ರಶ್ನೆ ಹಿಡಿದಿದ್ದಾಳೆ. 2022ರ ಕೊನೆಯಲ್ಲಿ ಗಡಿ ವಿವಾದ ಮತ್ತೆ ಎದ್ದಾಗ, ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಮಾತನಾಡಿದ್ದು ಸುದ್ದಿಯಾಯಿತು. ಕನ್ನಡ ಮಾತನಾಡುವ ಊರುಗಳೇ ಅವು. ಆದರೆ ಅವರು ಮೊದಲು ಹೇಳಿದ್ದು ಭಾಷೆಯನ್ನಲ್ಲ, ಕುಡಿಯುವ ನೀರಿನ ಕೊರತೆಯನ್ನು. ಹಾಗಾದರೆ ನೀರು ಬಂದಿರುವ, ಕನ್ನಡವನ್ನೇ ಮಾತನಾಡುವ ಪಕ್ಕದ ಹಳ್ಳಿಗಳು ಏನು ಹೇಳುತ್ತವೆ? ನೀರಿಲ್ಲದ ಮರಾಠಿ ಹಳ್ಳಿಗಳು ಎಲ್ಲಿಗೆ ಸೇರುತ್ತೇವೆ ಎನ್ನುತ್ತವೆ? ನಾಲ್ಕು ಊರುಗಳನ್ನು ಆರಿಸಿ ಪಟ್ಟಿ ತಂದು ತೋರಿಸಿದಳು. ಅವುಗಳಲ್ಲಿ ಮೂರು ಕಡೆ ನೀರಿನ ತೊಂದರೆ ಇದ್ದದ್ದನ್ನು ಕಂಡು, ತೊಂದರೆ ಇಲ್ಲದ ಇನ್ನೊಂದು ಊರನ್ನು ಹುಡುಕು ಎಂದು ಹೇಳಿ ಕಳುಹಿಸಿದ್ದೇನೆ. ಮಳೆಗಾಲ ಮುಗಿದ ಮೇಲೆ ಹೊರಡುತ್ತಾಳೆ.